ಎಡಗೈ ಕತ್ತರಿ

ಐದನೆಯ ಗರಿಯೂ ಕೆಟ್ಟಿತು. ಗರಿಯಪ್ಪ ಚೂರಿಯನ್ನು ಮೇಜಿನ ಮೇಲೆ ಎಸೆದು, "ಇದೂ ಮೊಂಡು" ಎಂದ. ಬೆಳಿಗ್ಗೆಯಿಂದ ಬ್ಲೇಡು, ಚರ್ಮ ಕೊಯ್ಯುವ ಉಳಿ, ಈಗ ಚೂರಿ, ಒಂದೊಂದೂ ಸರದಿಯಲ್ಲಿ ಬೈಸಿಕೊಂಡಿದ್ದವು. ಬಿಲ್ಲುಗಾರರಿಗೆ ಬಾಣ ಮಾಡಿಕೊಡುತ್ತ ಮೂವತ್ತು ವರ್ಷ ಕಳೆದವನು ಅವನು. ಅವನ ಸ್ವಂತ ಹೆಸರು ಅಂಚೆಯವನೊಬ್ಬನಿಗೆ ಮಾತ್ರ ನೆನಪಿತ್ತು.

ಕೆಟ್ಟ ಗರಿ ಕಿಟಕಿಯ ಬಿಸಿಲಿನಲ್ಲಿ ತೇಲುತ್ತ ಹೋಗಿ ಹೊಲಿಗೆ ಯಂತ್ರದ ಮೇಲೆ ಇಳಿಯಿತು. ಇರುವುದೊಂದೇ ಕೋಣೆ: ಈ ಕಡೆ ಅವನ ಬಾಣ, ಆ ಕಡೆ ಹೆಂಡತಿಯ ಹೊಲಿಗೆ. ಮಧ್ಯಾಹ್ನವಾದರೆ ಗರಿಯ ಎಳೆಗಳೂ ಬಟ್ಟೆಯ ಜುಂಗೂ ಬೆಳಕಿನಲ್ಲಿ ಒಟ್ಟಿಗೆ ತೇಲುತ್ತಿದ್ದವು. ಯಾವುದೋ ದೊಡ್ಡ ಹಕ್ಕಿ ಮಾಡಿನ ಮೇಲೆ ರೆಕ್ಕೆ ಹರಡಿ ಮಲಗಿದೆ, ಕೋಣೆ ಅದರ ಬೆಚ್ಚಗಿನ ಮಗ್ಗುಲಲ್ಲಿದೆ ಅನಿಸುತ್ತಿತ್ತು. ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ಒಂದು ಹಲಗೆ. ಅದರಲ್ಲಿ ಪ್ರತಿ ಹತಾರಕ್ಕೂ ಒಂದು ಮೊಳೆ, ಸುತ್ತಲೂ ಆ ಹತಾರದ್ದೇ ಆಕಾರದ ಪೆನ್ಸಿಲ್ ಗೆರೆ. ಒಂದೊಂದು ಗೆರೆಯೂ ಮುದ್ರಿಸಿದಷ್ಟು ನೆಟ್ಟಗೆ. ಗೆರೆ ಬೀಳದ ಹತಾರ ತನ್ನದಲ್ಲ ಎಂಬುದು ಗರಿಯಪ್ಪನ ಕಾನೂನು.

ನಾಳೆ ಮಗಳಿಗೆ ಬಿಲ್ಲುಗಾರರ ತಂಡದ ಆಯ್ಕೆ ಸ್ಪರ್ಧೆ. ಆರು ಹೊಸ ಬಾಣ ಬೇಕು. ಬಾಣಕ್ಕೆ ಮೂರರಂತೆ ಹದಿನೆಂಟು ಗರಿ. ಮೂರರಲ್ಲಿ ಒಂದರ ಅಂಚು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಾಣ ದಾರಿ ತಪ್ಪುತ್ತದೆ. ಅಪ್ಪನ ಬಾಣವಲ್ಲದೆ ಬೇರೆಯದನ್ನು ಮುಟ್ಟದ ಹುಡುಗಿ ಸಂಜೆ ಆರಕ್ಕೆ ಬರುವವಳಿದ್ದಳು. ಗರಿಯಪ್ಪ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಎರಡು ತಿಂಗಳಿಂದ ಆ ಕೈ ನಡುಗುತ್ತಿತ್ತು. ಯಾರಿಗೂ ಗೊತ್ತಾಗಿಲ್ಲವೆಂದು ಅವನು ನಂಬಿಕೊಂಡಿದ್ದ, ಪಾಪ.

"ತಂತಿ ಕಾಯಿಸಿ ಸುಟ್ಟೇ ಆಕಾರ ಮಾಡ್ತೀನಿ. ಇನ್ಯಾವುದೂ ಆಗಲ್ಲ" ಎಂದ.

"ಸುಟ್ಟ ಗರಿ ವಾಸನೆ ಬಟ್ಟೆಗೆ ಹಿಡಿದ್ರೆ ಗಿರಾಕಿಗಳು ನನ್ನ ಮುಖಕ್ಕೆ ಎಸೆದು ಹೋಗ್ತಾರೆ" ಎಂದಳು ಹೆಂಡತಿ, ತಲೆ ಎತ್ತದೆ. "ಸುಟ್ಟು ಮಾಡಿದ್ದೂ ಒಂದು ಬಾಣಾನಾ ಅಂತ ಊರೆಲ್ಲ ಆಡಿಕೊಂಡು ತಿರುಗಿದ್ದು ನೀವೇ ಅಲ್ವಾ?"

"ಹಾಗಾದ್ರೆ ನಿನ್ನ ಕತ್ತರಿ ಕೊಡು."

ಹೊಲಿಗೆ ಯಂತ್ರ ನಿಂತಿತು. ಆ ಕತ್ತರಿ ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿರಲಿಲ್ಲ. ಒಮ್ಮೆ ಗರಿಯಪ್ಪ ಅದರಲ್ಲಿ ಕ್ಯಾಲೆಂಡರ್ ಹಾಳೆ ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದಳು. ಈಗ ಅವಳು ಗಂಡನ ಮುಖ ನೋಡಿದಳು, ತೊಡೆಯ ಕೆಳಗೆ ಅಡಗಿ ಕೂತ ಕೈ ನೋಡಿದಳು, ಎದ್ದು ಬಂದಳು.

"ಇದು ಎಡಗೈಯವರ ಕತ್ತರಿ. ನಿಮ್ಮ ಕೈಗೆ ಕೊಟ್ರೆ ಕತ್ತರಿಸಲ್ಲ, ಅಗಿಯುತ್ತೆ. ಏನ್ ಮಾಡೋದು, ನಾನೇ ಹಿಡೀಬೇಕು. ಜರುಗಿ ಆ ಕಡೆ."

"ಗರಿ ಬಟ್ಟೆ ಅಲ್ಲ ಕಣೇ."

"ಹಕ್ಕಿ ಮೈಮೇಲೆ ಇದ್ದಿದ್ದು ತಾನೇ? ಹಾಗಾದ್ರೆ ಬಟ್ಟೆನೇ."

ಗರಿಯಪ್ಪನಿಗೆ ಆ ದಿನ ಮೊದಲ ಸಲ ನಗು ಬಂತು. ಒಂದು ಬಾಣಕ್ಕೆ ಒಂದೇ ಕಡೆಯ ರೆಕ್ಕೆಯ ಗರಿ ಬೇಕು. ಅವನು ಹೆಬ್ಬಾತಿನ ಎಡರೆಕ್ಕೆಯವನ್ನೇ ಆರಿಸಿದ. ಗರಿಯ ಮೇಲೆ ತಗಡಿನ ಅಚ್ಚನ್ನಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಹಾಗೆ ಒತ್ತಿದಾಗ ಕೈ ಸುಮ್ಮನಿತ್ತು. "ದಂಟಿನ ಕಡೆಯಿಂದ ಬಾ. ಎಳೆ ಮಲಗಿರೋ ದಿಕ್ಕಿಗೇ ಹೋಗು." ಕತ್ತರಿ ಸರಸರ ಹೋಯಿತು, ಯಾರೋ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಎಷ್ಟು ಹೊತ್ತಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು, ಅವಳ ತಲೆಗೂದಲಲ್ಲಿ ಬಿಳಿ ಎಳೆಗಳು ಕೂತವು, ಯಾವುದು ಗರಿ ಯಾವುದು ನರೆ ಎಂದು ಅವನಿಗೆ ಗೊತ್ತಾಗಲಿಲ್ಲ. ಗರಿಯನ್ನು ಬಾಣದ ಕಡ್ಡಿಗೆ ಒತ್ತಿ ಹಿಡಿದು ಅಂಟಿಸುವ ಕೆಲಸ ಕ್ಲಿಪ್ಪಿನದು. ಕ್ಲಿಪ್ಪಿಗೆ ನಡುಕವಿಲ್ಲ.

ಮಗಳು ಬಂದವಳೇ ಬಾಣವೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಗರಿಯನ್ನು ಕೆನ್ನೆಗೆ ಸವರಿಕೊಂಡಳು.

"ಅಪ್ಪಾ, ಈ ಸಲ ಎಷ್ಟು ಚೆನ್ನಾಗಿ ಕೈ ಕೂತಿದೆ! ಹೊಸ ಚಾಕು ತಗೊಂಡ್ಯಾ?"

ಹೆಂಡತಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದಂತೆ ಕೂತಳು. ಅವನು ಒಂದು ಸಲ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಗರಿಯಪ್ಪ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ.

"ಬಾರೇ ಇಲ್ಲಿ. ಕತ್ತರಿ ಹಿಡ್ಕೊಂಡೇ ಬಾ."

"ನನ್ನ ಕತ್ತರಿ ನಿಮ್ಮ ಹಲಗೆಗೆ ಕೊಡಲ್ಲ, ಈಗಲೇ ಹೇಳಿದೀನಿ."

"ಕತ್ತರಿ ನೀನೇ ಇಟ್ಕೋ. ಗೆರೆ ಕೊಡು ಸಾಕು."

ಅವಳು ಕತ್ತರಿ ಹಿಡಿದ ಎಡಗೈಯನ್ನು ಹಲಗೆಯ ಖಾಲಿ ಜಾಗದಲ್ಲಿ ಇಟ್ಟಳು. ಗರಿಯಪ್ಪ ಕತ್ತರಿಯ ತುದಿಯಿಂದ ಶುರುಮಾಡಿ ಅವಳ ಹೆಬ್ಬೆರಳಿನ ಸುತ್ತ, ಮಣಿಕಟ್ಟಿನ ತನಕ ಗೆರೆ ಎಳೆಯತೊಡಗಿದ. ಗೆರೆ ಒಂದಿಷ್ಟೂ ನೆಟ್ಟಗಿರಲಿಲ್ಲ. ಉದ್ದಕ್ಕೂ ನಡುಗುತ್ತ ಹೋಗುತ್ತಿತ್ತು. ಮಗಳು ಪಕ್ಕದ ಹಳೆಯ ಗೆರೆಗಳನ್ನು ನೋಡಿದಳು. ಮತ್ತೆ ಇದನ್ನು ನೋಡಿದಳು. ಆಮೇಲೆ ಅಪ್ಪನ ಕೈ ನೋಡಿದಳು.

"ಹಲಗೆ ಅಲ್ಲಾಡ್ತಿದೆ ಕಣಮ್ಮ" ಎಂದ ಗರಿಯಪ್ಪ, ತಿರುಗಿ ನೋಡದೆ.

"ಹೌದಪ್ಪ. ಇರು, ನಾನು ಹಿಡ್ಕೋತೀನಿ."

ಮಗಳು ಬಾಣ ಕೆಳಗಿಟ್ಟು, ನಾಲ್ಕು ಸ್ಕ್ರೂ ಬಿಗಿದ ಆ ಹಲಗೆಯನ್ನು ಎರಡೂ ಕೈಯಲ್ಲಿ ಗೋಡೆಗೆ ಒತ್ತಿ ಹಿಡಿದಳು.