ಮಿಸ್ ಮಗಳು

ತುಮಕೂರಿನ ಒಂದು ಶಾಲೆಯಲ್ಲಿ ವನಜಾಕ್ಷಿ ಎಂಬ ಪಿ.ಟಿ. ಟೀಚರ್ ಇದ್ದರು.

ಮೂರನೇ ಕ್ಲಾಸಿನ ಪುಟ್ಟ ಮಕ್ಕಳಿಗೆ ನೆಟ್‌ಬಾಲ್ ಕಲಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ...

"ಬೆರಳು ಅಗಲಿಸಿ... ಬಾಲ್ ಎದೆ ಹತ್ರ... ಒಂದು ಹೆಜ್ಜೆ ಮುಂದೆ ಇಟ್ಟು ತಳ್ಳಿ! ಎಸೀಬೇಡಿ, ತಳ್ಳಿ!"

ಆ ಕ್ಲಾಸಿನಲ್ಲೇ ಅವರ ಮಗಳು ಸಿಂಚನಾ ಕೂಡ ಓದುತ್ತಿದ್ದಳು. ಎಂಟು ವರ್ಷ. ಬಾಲ್ ಕಂಡರೆ ಊಟವನ್ನೇ ಮರೆಯುವ ಹುಡುಗಿ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೋ ನಗುತ್ತಾ ಹೇಳಿದರು: "ಈ ಸಲ ಚಿಕ್ಕಮಕ್ಕಳ ಟೀಮ್ ಸೆಲೆಕ್ಷನ್ ಯಾಕ್ರೀ ಬೇಕು? ಮಿಸ್ ಮಗಳು ಹೇಗೂ ಇದ್ದಾಳಲ್ಲ!"

ತಮಾಷೆಗೆ ಆಡಿದ ಮಾತು... ಆದರೆ ವನಜಾಕ್ಷಿಯವರಿಗೆ ಅದು ಮುಳ್ಳಿನಂತೆ ಚುಚ್ಚಿತು.

ಅಂದು ಸಂಜೆಯೇ ಮಗಳನ್ನು ಕೂರಿಸಿಕೊಂಡು ಹೇಳಿದರು: "ನೋಡು, ಸ್ಕೂಲಲ್ಲಿ ನಾನು ನಿನಗೆ ಅಮ್ಮ ಅಲ್ಲ. ಮಿಸ್. ಅಲ್ಲಿಂದು ಅಲ್ಲೇ... ಮನೆಗೆ ಬಂದು ಅದರ ಮಾತೇ ಆಡಬಾರದು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ," ಎಂದಳು ಸಿಂಚನಾ.

ಮಾರನೆಯ ದಿನದಿಂದ ಎಲ್ಲವೂ ಬದಲಾಯಿತು...

ಬೇರೆ ಮಗು ಬಾಲ್ ಬಿಟ್ಟರೆ "ಪರವಾಗಿಲ್ಲ ಪುಟ್ಟ, ಇನ್ನೊಂದ್ಸಲ" ಎನ್ನುತ್ತಿದ್ದರು. ಸಿಂಚನಾ ಬಿಟ್ಟರೆ ಗೋಡೆಗೆ ಇಪ್ಪತ್ತು ಸಲ ಪಾಸ್ ಮಾಡುವ ಶಿಕ್ಷೆ.

ಯಾರಾದರೂ ನೋಡುತ್ತಿದ್ದರೆ ಇಪ್ಪತ್ತು ನಲವತ್ತಾಗುತ್ತಿತ್ತು.

ಅದೊಂದು ಮಂಗಳವಾರ. ಶನಿವಾರ ಬೇರೆ ಶಾಲೆಯ ಜೊತೆ ಪಂದ್ಯ.

ಜೋರಾಗಿ ಬಂದ ಒಂದು ಪಾಸ್ ಸಿಂಚನಾಳ ಬಲಗೈ ಬೆರಳ ತುದಿಗೇ ಬಡಿಯಿತು. ಬಾಲ್ ಕೆಳಗೆ ಬಿತ್ತು.

"ಮಿಸ್... ಬೆರಳು ತುಂಬಾ ನೋಯ್ತಿದೆ ಮಿಸ್..."

ಹೆಡ್‌ಮಾಸ್ಟರು ಅಲ್ಲೇ ವರಾಂಡದಲ್ಲಿ ನಿಂತು ನೋಡುತ್ತಿದ್ದರು.

"ನೆಪ ಹೇಳ್ಬೇಡ! ಬಾಲ್ ತಗೋ. ಗೋಡೆ ಹತ್ರ ಹೋಗು. ನಲವತ್ತು!"

ಸಿಂಚನಾ ಬಾಲ್ ಎತ್ತಿಕೊಂಡು ಹೋದಳು. ನಲವತ್ತೂ ಮುಗಿಸಿಯೇ ಬಂದಳು...

ಬುಧವಾರ ಆಡಿದಳು. ಗುರುವಾರವೂ ಆಡಿದಳು.

ಪಂದ್ಯದ ತಯಾರಿಯ ಗಡಿಬಿಡಿಯಲ್ಲಿ ವನಜಾಕ್ಷಿ ಮಗಳ ಕಡೆ ಸರಿಯಾಗಿ ತಿರುಗಿಯೂ ನೋಡಿರಲಿಲ್ಲ.

ಶುಕ್ರವಾರ ಸಂಜೆ ದೋಸೆ ಹಾಕಿಕೊಟ್ಟಾಗ ಕಣ್ಣಿಗೆ ಬಿತ್ತು. ಮಗಳು ಎಡಗೈಯಲ್ಲಿ ತಿನ್ನುತ್ತಿದ್ದಳು.

"ಇದೇನೇ ಇದು, ಎಡಗೈಲಿ? ಎಲ್ಲಿ, ಬಲಗೈ ತೋರ್ಸು."

ಬೆರಳು ಊದಿಕೊಂಡು ನೀಲಿಯಾಗಿತ್ತು... ಗೆಣ್ಣಿನ ಹತ್ತಿರ ಒಂದು ಕಡೆಗೆ ವಾಲಿಕೊಂಡಿತ್ತು.

ವನಜಾಕ್ಷಿ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. "ಅಯ್ಯೋ! ಮೂರು ದಿನದಿಂದ ಯಾಕೆ ಕಂದಾ ಹೇಳ್ಲಿಲ್ಲ?"

"ಹೇಳಿದ್ನಲ್ಲಮ್ಮ... ಮಿಸ್‌ಗೆ ಹೇಳ್ದೆ. ನೆಪ ಅಂದ್ರು."

"ಮನೆಗೆ ಬಂದ್ಮೇಲೆ ನನಗೆ ಹೇಳ್ಬಾರದಿತ್ತಾ?"

ಮಗು ಅಮ್ಮನ ಮುಖವನ್ನೇ ನೋಡುತ್ತಾ ಹೇಳಿತು: "ಸ್ಕೂಲ್ ಮಾತು ಮನೇಲಿ ಆಡಬಾರದು ಅಂತ ನೀನೇ ಹೇಳಿದ್ಯಲ್ಲಮ್ಮ..."

ವನಜಾಕ್ಷಿ ಒಲೆ ಆರಿಸಿ, ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಡಾಕ್ಟರು ಎಕ್ಸ್‌ರೇ ನೋಡಿ ತಲೆಯಾಡಿಸಿದರು. "ಮೂಳೆ ಬಿರುಕು ಬಿಟ್ಟಿದೆ. ಅದರ ಮೇಲೆ ಮತ್ತೆ ಮತ್ತೆ ಪೆಟ್ಟು ಬಿದ್ದು ಜರುಗಿದೆ. ಅವತ್ತೇ ಕರ್ಕೊಂಡು ಬರೋದಲ್ವಾಮ್ಮ..."

ಬೆರಳು ವಾಸಿಯಾಯಿತು. ಆದರೆ ನೆಟ್ಟಗಾಗಲಿಲ್ಲ.

ಎರಡು ತಿಂಗಳ ನಂತರ ಒಂದು ಭಾನುವಾರ... ವನಜಾಕ್ಷಿ ಹೊಸ ಬಾಲ್ ತಂದು ಮಗಳನ್ನು ಮನೆಯ ತಾರಸಿಗೆ ಕರೆದೊಯ್ದರು.

"ಬಾ ಚಿನ್ನಾ, ನಾವಿಬ್ಬರೇ ಆಡೋಣ. ಮೆತ್ತಗೆ ಹಾಕ್ತೀನಿ."

ಸಿಂಚನಾ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಈಗ ನೀನು ಅಮ್ಮನಾ... ಮಿಸ್ಸಾ?"

ವನಜಾಕ್ಷಿ ಅಲ್ಲೇ ಕೂತು ಅತ್ತರು. "ತಪ್ಪಾಯ್ತು ಕಂದಾ..." ಎಂದು ಮಗಳ ಕೈ ಹಿಡಿದುಕೊಂಡರು. ಮಗಳೇ ಅಮ್ಮನ ಕಣ್ಣೊರೆಸಿದಳು. ಆದರೆ ಬಾಲ್ ಮುಟ್ಟಲಿಲ್ಲ...

ಅಂದು ಮಾತ್ರವಲ್ಲ. ಆಮೇಲೆ ಎಂದೂ ಮುಟ್ಟಲಿಲ್ಲ.

ವನಜಾಕ್ಷಿ ಬದಲಾದರು. ಯಾವ ಮಗು "ನೋಯ್ತಿದೆ" ಎಂದರೂ ಸೀಟಿ ಊದಿ ಆಟ ನಿಲ್ಲಿಸಿ, ಮಂಡಿಯೂರಿ ಕೂತು ಆ ಕೈ ನೋಡುತ್ತಿದ್ದರು. ನೂರಾರು ಮಕ್ಕಳು ಅವರಿಂದ ಆಟ ಕಲಿತರು. ಕೆಲವರು ರಾಜ್ಯ ತಂಡದವರೆಗೂ ಹೋದರು.

ಹದಿನೆಂಟು ವರ್ಷಗಳ ನಂತರ ಅವರ ನಿವೃತ್ತಿಯ ದಿನ ಬಂತು. ಹಳೆಯ ವಿದ್ಯಾರ್ಥಿಗಳಿಂದ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಿಂಚನಾ ಕೂತಿದ್ದಳು.

ಅತಿಥಿಯಾಗಿ ಬಂದಿದ್ದ ಅಂದಿನ ಹೆಡ್‌ಮಾಸ್ಟರು ಮೈಕ್ ಹಿಡಿದು ಹೆಮ್ಮೆಯಿಂದ ಹೇಳಿದರು: "ಸ್ವಂತ ಮಗಳಿಗೂ ಒಂದಿಷ್ಟು ರಿಯಾಯಿತಿ ಕೊಡದ ಟೀಚರ್ ಇವರು!"

ಚಪ್ಪಾಳೆಯೋ ಚಪ್ಪಾಳೆ...

ವನಜಾಕ್ಷಿ ಎದ್ದು ನಿಂತರು. ಮೈಕ್ ತೆಗೆದುಕೊಂಡರು.

"ಸರ್, ಅದನ್ನ ಹೊಗಳ್ಬೇಡಿ... ನಿಮ್ಮೆಲ್ಲರ ಕಣ್ಣಲ್ಲಿ ಒಳ್ಳೆಯವಳಾಗೋಕೆ ನನ್ನ ಮಗು ಕೈಯಿಂದ ಆಟಾನೇ ಕಿತ್ಕೊಂಡೆ. ಅವಳು ನನ್ನ ಮೇಲೆ ಒಂದು ದಿನಾನೂ ಸಿಟ್ಟು ಮಾಡ್ಕೊಳ್ಲಿಲ್ಲ... ಅದೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ."

ವನಜಾಕ್ಷಿ ಮೈಕನ್ನು ಮೇಜಿನ ಮೇಲಿಟ್ಟರು.

ಸಿಂಚನಾ ಎದ್ದು ವೇದಿಕೆಯ ಮೇಲೆ ಬಂದಳು. ಅಮ್ಮನ ಹೆಗಲು ಬಳಸಿ ಹಿಡಿದು ಮೆಲ್ಲಗೆ ಹೇಳಿದಳು...

"ಸಾಕಮ್ಮ... ಬಾ, ಮನೆಗೆ ಹೋಗೋಣ."

*

ಊರಿನ ಕಣ್ಣಿಗೆ ನ್ಯಾಯವಂತರಾಗಲು ಹೊರಟಾಗ, ಅದರ ಪೆಟ್ಟು ಎಷ್ಟೋ ಸಲ ನಮ್ಮ ಮನೆಯ ಮಗುವಿಗೇ ಬೀಳುತ್ತದೆ.

ನಿಮ್ಮ ಮನೆಯಲ್ಲಿ ನೋವನ್ನು ಹೇಳಿಕೊಳ್ಳದೆ ಸುಮ್ಮನಿರುವುದನ್ನು ಕಲಿತವರು ಯಾರಾದರೂ ಇದ್ದಾರಾ... ಅವರಿಗೆ ಅದನ್ನು ಕಲಿಸಿದವರು ಯಾರು?