ಗೆರೆಯಿಂದ ಒಂದು ಗೇಣು

ಗದಗಿನ ಕಡೆ ಒಂದು ಸಣ್ಣ ಖಾಸಗಿ ಕಾಲೇಜು. ಹತ್ತಿ ಗೋದಾಮಿನಲ್ಲಿ ನಲವತ್ತೊಂದು ವಿದ್ಯಾರ್ಥಿಗಳಿಂದ ಶುರುವಾದದ್ದು...

ಮೊದಲ ಬ್ಯಾಚಿನವರೇ ಕಲ್ಲು ಆರಿಸಿ ಮೈದಾನ ಮಾಡಿಕೊಂಡರು. ಅಂದಿನಿಂದ ಆ ಕಾಲೇಜಿಗೆ ಓಟದ್ದೇ ಹೆಸರು.

ಕಾರಿಡಾರಿನಲ್ಲಿ ಒಂದು ಕಪ್ಪು ಹಲಗೆ. ಅದರ ಮೇಲೆ ಕಾಲೇಜಿನ ಎಲ್ಲ ದಾಖಲೆಗಳು.

"ಮಹಿಳೆಯರ 800 ಮೀಟರ್ – ಪ್ರಮೀಳಾ ಅಂಗಡಿ – 2 ನಿಮಿಷ 16.2 ಸೆಕೆಂಡ್."

ಮೂವತ್ತೊಂದು ವರ್ಷದಿಂದ ಆ ಸಾಲು ಬದಲಾಗಿರಲಿಲ್ಲ.

ಆ ಪ್ರಮೀಳಾ ಈಗ ಅದೇ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ. ಸ್ಟಾಫ್ ರೂಮಿಗೆ ಹತ್ತಿರದ ದಾರಿ ಬೇರೆ ಇದ್ದರೂ, ದಿನಾ ಆ ಹಲಗೆಯ ಮುಂದೆಯೇ ಹಾದು ಹೋಗುತ್ತಿದ್ದರು...

ಆಮೇಲೆ ಸಾನಿಯಾ ನದಾಫ್ ಬಂದಳು. ಬಿ.ಎಸ್ಸಿ. ವಿದ್ಯಾರ್ಥಿನಿ. ಪ್ರತಿ ವರ್ಷ ಆ 2:16.2ಕ್ಕೆ ಹತ್ತಿರ ಹತ್ತಿರ ಬರುತ್ತಿದ್ದಳು.

ಲ್ಯಾಬಿನಲ್ಲಿ ಅವಳ ರೀಡಿಂಗ್ ತಪ್ಪಿದರೆ ಮೇಡಂಗೆ ಒಳಗೊಳಗೇ ಖುಷಿ.

"ಬರೇ ಕಾಲ್ ಓಡಿದ್ರ ಸಾಲಂಗಿಲ್ಲವಾ ಸಾನಿಯಾ... ತಲಿನೂ ಓಡ್ಬೇಕು!"

ಇಡೀ ಲ್ಯಾಬು ನಗುತ್ತಿತ್ತು. ಸಾನಿಯಾ ಕೂಡ.

ಕೊನೆಯ ವರ್ಷದ ಕ್ರೀಡಾಕೂಟ. ಅವಳಿಗೆ ಅದೇ ಕೊನೆಯ ಅವಕಾಶ.

2:16.5...

ಬರೀ 0.3 ಸೆಕೆಂಡಿನಲ್ಲಿ ತಪ್ಪಿತು. ಹುಡುಗಿ ಮಣ್ಣಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಮೇಡಂ ಅವಳ ಬೆನ್ನು ತಟ್ಟಿದರು. "ಇರ್ಲಿ ಬಿಡವಾ... ಎಲ್ಲಾರಿಗೂ ಆಗೂವಂಥದ್ದಲ್ಲ ಅದು."

ಮನೆಗೆ ಹೋಗುವಾಗ ಅರ್ಧ ಕಿಲೋ ಪೇಡೆ ಕೊಂಡರು. "ಏನ್ ವಿಶೇಷ?" ಎಂದು ಗಂಡ ಕೇಳಿದರೆ, "ಏನಿಲ್ಲ, ಹಂಗ..." ಎಂದರು.

ಆ ವರ್ಷ ಕಾಲೇಜಿಗೆ ಎಪ್ಪತ್ತೈದು ತುಂಬಿತ್ತು. ಅದರ ಇತಿಹಾಸದ ಪುಸ್ತಕಕ್ಕೆ ಕ್ರೀಡೆಯ ಅಧ್ಯಾಯ ಬರೆಯುವ ಕೆಲಸ ಪ್ರಮೀಳಾ ಮೇಡಂ ಪಾಲಿಗೆ ಬಂತು.

ನಲವತ್ತು ವರ್ಷ ಮೈದಾನಕ್ಕೆ ಸುಣ್ಣದ ಗೆರೆ ಎಳೆದ ಫಕೀರಪ್ಪನ ಹತ್ತಿರ ನೋಟ್‌ಬುಕ್ ಹಿಡಿದು ಹೋದರು.

ಹಳೆಯ ಕತೆ ಎಲ್ಲ ಹೇಳಿದ ಮೇಲೆ ಫಕೀರಪ್ಪ ಮಾತು ತೆಗೆದ. "ಬಾಯಾರ, ಸಿಟ್ಟಾಗಬ್ಯಾಡ್ರಿ... ಹೋದ ವರ್ಷ ಟ್ರ್ಯಾಕ್ ಹೊಸದಾಗಿ ಹಾಕುಮುಂದ, ಗೆರಿ ಒಂದ್ ಗೇಣ್ ಒಳಗ ಎಳೀತೀನಿ ಅಂದ್ರ ನೀವು ನಕ್ಕಿದ್ರಿ."

ಹೌದು, ನಕ್ಕಿದ್ದರು. ಆಗ ಪಿ.ಇ. ಸರ್ ಹುದ್ದೆ ಖಾಲಿ ಇತ್ತು. ಅಳತೆಯ ಜವಾಬ್ದಾರಿ ಫಿಸಿಕ್ಸ್ ಮೇಡಂದು. ಈಗಲೂ ಅದೇ ಮಾತು ಹೇಳಿದರು.

"ಗೇಣಿನ ಲೆಕ್ಕ ಯಾಕ ಫಕೀರಪ್ಪ, ಸ್ಟೀಲ್ ಟೇಪ್ ಐತಲ್ಲ! ಗೆರಿ ಸರಿಯಾಗಿ ನಾಕ್‌ನೂರು ಮೀಟರ್ ಐತಿ. ಒಂದ್ ಸೆಂಟಿಮೀಟರ್ ಆಚಿಗಿಲ್ಲ, ಈಚಿಗಿಲ್ಲ."

"ಗೆರಿ ನಾಕ್‌ನೂರು ಖರೆರಿ... ಆದ್ರ ಗೆರಿ ಮ್ಯಾಲ ಯಾರ್ ಓಡ್ತಾರ? ಕಾಲ್ ಬೀಳೂದು ಗೇಣ್ ಹೊರಗ. ನೀವು ಓಡೂ ಕಾಲಕ್ಕ ನಾ ಅಷ್ಟ್ ಒಳಗ ಬಿಟ್ಟ ಎಳದಿದ್ದೆ."

ಮೇಡಂ ಪೆನ್ನು ನಿಂತಿತು...

ಮನೆಗೆ ಬಂದು ಲೆಕ್ಕ ಹಾಕಿದರು. ಗೆರೆಯಿಂದ ಒಂದು ಗೇಣು, ಅಂದರೆ ಇಪ್ಪತ್ತು ಸೆಂಟಿಮೀಟರ್ ಹೊರಗೆ ಓಡಿದರೆ, ಒಂದು ಸುತ್ತಿಗೆ ಒಂದೂಕಾಲು ಮೀಟರ್ ಹೆಚ್ಚು. ಎರಡು ಸುತ್ತಿಗೆ ಎರಡೂವರೆ ಮೀಟರ್.

ಸಾನಿಯಾಳ ವೇಗಕ್ಕೆ ಅದು 0.4 ಸೆಕೆಂಡ್.

ಅವಳಿಗೆ ದಾಖಲೆ ತಪ್ಪಿದ್ದು 0.3ರಲ್ಲಿ.

ಪ್ರಮೀಳಾ ಓಡಿದ್ದು ಎಂಟುನೂರು ಮೀಟರ್... ಹುಡುಗಿಯನ್ನು ಓಡಿಸಿದ್ದು ಎಂಟುನೂರಾ ಎರಡೂವರೆ!

ಆ ಹಾಳೆಯನ್ನು ಮಡಿಚಿ ಇಟ್ಟರು. ಫಕೀರಪ್ಪನಿಗೆ ಗೇಣು ಗೊತ್ತು, ಸೆಕೆಂಡಿನ ಲೆಕ್ಕ ಗೊತ್ತಿಲ್ಲ. ಬೇರೆ ಯಾರಿಗೂ ಏನೂ ಗೊತ್ತಿಲ್ಲ.

ಒಂಬತ್ತು ದಿನ ಸುಮ್ಮನಿದ್ದರು. "ಅವಳಿಗಿನ್ನೂ ಚಿಕ್ಕ ವಯಸ್ಸು, ಬೇಕಾದಷ್ಟು ಸಿಗುತ್ತದೆ... ನನಗಿರುವುದು ಇದೊಂದೇ ಸಾಲು" ಎಂದು ತಮಗೆ ತಾವೇ ಹೇಳಿಕೊಂಡರು.

ಹತ್ತನೇ ದಿನ ಪ್ರೆಸ್ಸಿನಿಂದ ಪುಸ್ತಕದ ಪ್ರೂಫ್ ಬಂತು. ತಿದ್ದಲು ಕೆಂಪು ಪೆನ್ನು ತೆಗೆದುಕೊಂಡರು.

"ಇಂದಿಗೂ ಯಾರಿಂದಲೂ ಮುರಿಯಲಾಗದ ದಾಖಲೆ..." ಅವರೇ ಬರೆದ ವಾಕ್ಯ.

ಇಪ್ಪತ್ತಾರು ವರ್ಷ ಅದೇ ಕೆಂಪು ಬಣ್ಣದಲ್ಲಿ ಎಷ್ಟು ಮಕ್ಕಳ ಲ್ಯಾಬ್ ರೆಕಾರ್ಡಿಗೆ "ಸುಳ್ಳು ರೀಡಿಂಗ್" ಎಂದು ಬರೆದಿದ್ದರೋ...

ಆ ವಾಕ್ಯವನ್ನು ಹೊಡೆದು ಹಾಕಿದರು. ಸಾನಿಯಾಳನ್ನು ಕರೆಸಿದರು.

ಎಲ್ಲ ಹೇಳಿದರು. ತಪ್ಪು ಅಳತೆ, ಒಂಬತ್ತು ದಿನದ ಮೌನ, ಪೇಡೆ ಕೂಡ.

ಹುಡುಗಿಯ ಕಣ್ಣುಗಳು ಕೆಂಪಾದವು.

"ಲೆಕ್ಕ ಮಾಡಿ ಕೊಟ್ಟ ರೆಕಾರ್ಡ್ ನಂಗ ಬ್ಯಾಡ್ರಿ ಮೇಡಂ. ಗೆರಿ ಸರಿ ಮಾಡಸ್ರಿ. ಓಡೇ ತಗೋತೀನಿ."

ಬಾಗಿಲ ತನಕ ಹೋದವಳು ತಿರುಗಿದಳು. "ಆದ್ರ ವಾಚ್ ನೀವ ಹಿಡೀಬೇಕ್ರಿ."

"ಇಷ್ಟೆಲ್ಲಾ ಆದ್ ಮ್ಯಾಲೂ ನನ್ನ ನಂಬ್ತಿ ಏನವಾ?"

"ನೀವು ಹೇಳಿರ್ಲಿಲ್ಲಂದ್ರ ನಂಗ ಎಲ್ಲಿ ಗೊತ್ತಾಗ್ತಿತ್ರಿ? ಇನ್ ಯಾರ್ನ ನಂಬ್ಲಿ?"

ಪ್ರಿನ್ಸಿಪಾಲರು ಒಪ್ಪಿದರು. ಭಾನುವಾರ ಬೆಳಿಗ್ಗೆ ಫಕೀರಪ್ಪ ಒಂದು ಗೇಣು ಒಳಗೆ ಹೊಸ ಗೆರೆ ಎಳೆದ. ಟೇಪಿನ ತುದಿ ಹಿಡಿದವರು ಮೇಡಂ. ವಾಚ್ ಹಿಡಿದು ಇನ್ನಿಬ್ಬರು ಲೆಕ್ಚರರ್‌ಗಳೂ ನಿಂತರು.

ಸಾನಿಯಾ ಓಡಿದಳು...

ಕೊನೆಯ ತಿರುವಿನಲ್ಲಿ ಮೇಡಂ ಮನಸ್ಸು ಇನ್ನೊಮ್ಮೆ ಹೇಳಿತು... ಸ್ವಲ್ಪ ನಿಧಾನವಾಗಲಿ.

ಆದರೆ ಬಾಯಿ ಕೂಗಿದ್ದೇ ಬೇರೆ. "ಓಡ ಸಾನಿಯಾ... ಓಡ ನನ್ನವ್ವಾ!"

ಹುಡುಗಿ ಗೆರೆ ದಾಟಿದಳು. ಮೇಡಂ ಬೆರಳು ಸರಿಯಾದ ಗಳಿಗೆಗೆ ಒತ್ತಿತು.

ಏದುಸಿರು ಬಿಡುತ್ತಲೇ ಸಾನಿಯಾ ಓಡಿ ಬಂದಳು. "ಎಷ್ಟ್ರೀ ಮೇಡಂ? ಎಷ್ಟ್ರೀ?"

ಪ್ರಮೀಳಾ ಮೇಡಂ ವಾಚನ್ನು ಅವಳ ಕೈಗಿಟ್ಟರು.

"ನೀನ ಓದವಾ... ಕಣ್ಣೀರಾಗ ನಂಗ ಏನೂ ಕಾಣವಲ್ದು."

2:15.8.

*

ಹೊಟ್ಟೆಕಿಚ್ಚು ಎಲ್ಲರಿಗೂ ಬರುತ್ತದೆ... ಅಳತೆಗೋಲನ್ನು ಅದರ ಕೈಗೆ ಕೊಡದಿದ್ದರೆ ಸಾಕು.

ಇನ್ನೊಬ್ಬರಿಗೆ ಸಲ್ಲಬೇಕಾದ, ನಿಮಗೊಬ್ಬರಿಗೇ ಗೊತ್ತಿರುವ ಸತ್ಯವೊಂದನ್ನು ನೀವು ಎಷ್ಟು ದಿನದಿಂದ ಮಡಿಚಿ ಇಟ್ಟಿದ್ದೀರಿ?