ಎಡೆಯ ಮುಂದಿನ ನೀರು

ಧೂಪ ಹಾಕಿ, ಕಾಯಿ ಒಡೆದು, ಮುದ್ದಮ್ಮ ಎಲ್ಲರನ್ನೂ ಹೊರಗೆ ಕಳಿಸಿ ನಡುಮನೆಯ ಬಾಗಿಲು ಎಳೆದುಕೊಂಡಳು. ಮಾರ್ನಮಿ ಹಬ್ಬದಲ್ಲಿ ಎಡೆ ಇಕ್ಕಿದ ಮೇಲೆ ಒಂದಿಷ್ಟು ಹೊತ್ತು ಮನೆಯವರು ಯಾರೂ ಒಳಗಿರುವ ಹಾಗಿಲ್ಲ. ಸತ್ತವರು ಬಂದು ಉಣ್ಣುವ ಹೊತ್ತು ಅದು. ಅವರು ಉಂಡು ಏಳುವ ತನಕ ಬದುಕಿರುವವರು ಬಾಗಿಲು ತೆಗೆಯಬಾರದು.

ಜಗುಲಿಯ ಮೇಲೆ ಅವಳ ಗಂಡನ ಗೆಳೆಯ ಮರಿಸಿದ್ದಯ್ಯನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಗಿಲು ಮುಚ್ಚುವ ಮೊದಲು ಅವನು ಎಡೆ ನೋಡಿದ್ದ. ಮುದ್ದೆ ಇತ್ತು, ಬಾಡಿನ ಸಾರಿತ್ತು, ಹೊಸ ಪಂಚೆ, ಒಂದು ಕಟ್ಟು ಬೀಡಿ ಇತ್ತು. ಗೋಡೆಗೆ ಒರಗಿಸಿದ ಫೋಟೋದಲ್ಲಿ ಮುದ್ದಮ್ಮನ ಗಂಡ ಚಿಕ್ಕಬೋರಯ್ಯ ಇಪ್ಪತ್ತೆಂಟರ ಹುಡುಗನಾಗಿಯೇ ನಿಂತಿದ್ದ. ಆದರೆ ವರ್ಷವರ್ಷವೂ ಆ ಫೋಟೋದ ಮುಂದೆ ಇರುತ್ತಿದ್ದ ಹಿತ್ತಾಳೆ ಚೊಂಬು ಇರಲಿಲ್ಲ.

"ಈ ಸಲ ಯಾಕವ್ವಾ ನೀರು ಮಡಗ್ನಿಲ್ಲ?" ಎಂದ.

"ಇನ್ಯಾಕಣ್ಣ? ಬಾಯಾರ್ಕೊಂಡು ಓದ ಅಂತ ಇಷ್ಟು ವರ್ಸ ಮಡಗ್ದೆ. ನೀನು ಕುಡ್ಸಿದ್ದೀಯಲ್ಲ, ಸಿನಿಮಾದಲ್ಲಿ ಕಣ್ತುಂಬ ನೋಡ್ದೆ," ಎಂದಳು ಮುದ್ದಮ್ಮ.

ಮಗ ಪ್ರಸನ್ನ ನಕ್ಕ. "ದೊಡ್ಡಪ್ಪ ಈಗ ಹೀರೋ ಕನವ್ವ. ಮದ್ದೂರು ಬಸ್ಸಲ್ಲಿ ಎದ್ದು ಸೀಟು ಕೊಡ್ತಾರೆ."

ಕಾವೇರಿ ಗಲಾಟೆಯ ವರ್ಷ ಪ್ರಸನ್ನ ಇನ್ನೂ ಹೊಟ್ಟೆಯಲ್ಲಿದ್ದ. ನೀರು ಬೇಕೆಂದು ಊರವರು ರೈಲು ಹಳಿಯ ಮೇಲೆ ಕೂತಾಗ ಪೊಲೀಸರ ಗುಂಡು ಹಾರಿತು. ಜನ ದಿಕ್ಕಾಪಾಲಾದರು. ಕತ್ತಲಾಗುವ ಹೊತ್ತಿಗೆ ಚಿಕ್ಕಬೋರಯ್ಯನ ಹೆಣ ಸಿಕ್ಕಿತು. ಸೊಂಟಕ್ಕೆ ಗುಂಡೇಟು ಬಿದ್ದಿತ್ತು. ಹಳಿಯ ಪಕ್ಕದ ನಾಲೆಯ ಕಡೆಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿದ್ದ. ನೀರು ಇನ್ನು ನಾಲ್ಕು ಮಾರು ಇತ್ತು. ಬಾಯಿ ತುಂಬ ಹಸಿ ಮಣ್ಣು. ಆ ಬಾಯಿ ತೊಳೆದವಳು ಮುದ್ದಮ್ಮ. ನೀನೆಲ್ಲಿದ್ದೆ ಎಂದು ಊರು ಕೇಳಿದಾಗ, ಹನಕೆರೆ ಕಡೆಗೆ ಓಡಿದೆ ಎಂದಿದ್ದ ಮರಿಸಿದ್ದಯ್ಯ. ಅವನು ಓಡಿರಲಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ, ಕಬ್ಬಿನ ಗದ್ದೆಯೊಳಗೆ ಇದ್ದ.

ಹೋದ ವರ್ಷ ಯತೀಶ ಎನ್ನುವ ಹುಡುಗ ಆ ಗಲಾಟೆಯ ಮೇಲೆ ಸಿನಿಮಾ ಮಾಡುತ್ತೇನೆಂದು ಬಂದ. ಹೆಂಡತಿಗೂ ಹೇಳದಿದ್ದುದನ್ನು ಮರಿಸಿದ್ದಯ್ಯ ಆ ಪರವೂರಿನವನಿಗೆ ಹೇಳಿಬಿಟ್ಟ. ಹುಡುಗ, "ಇದನ್ನ ಜನ ನೋಡೋಕಾಗಲ್ಲ ತಾತ. ಗೆಳೆಯ ಬಂದು ನೀರು ಕುಡಿಸಿದ ಅಂತ ಮಾಡ್ತೀನಿ. ಆಗಬಹುದಾ?" ಎಂದ. ಮರಿಸಿದ್ದಯ್ಯ ತಲೆಯಾಡಿಸಿದ.

ಮೊನ್ನೆ ಪ್ರಸನ್ನ ಇಬ್ಬರನ್ನೂ ಮಂಡ್ಯದ ಟಾಕೀಸಿಗೆ ಕರೆದುಕೊಂಡು ಹೋಗಿದ್ದ. ಪರದೆಯ ಮೇಲೆ ಗುಂಡಿನ ನಡುವೆಯೇ ಗೆಳೆಯ ಓಡಿ ಬಂದ. ಟವೆಲ್ಲು ನಾಲೆಗೆ ಅದ್ದಿ ತಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹಿಂಡಿದ. ಟಾಕೀಸೆಲ್ಲ ಶಿಳ್ಳೆ. ಊರಿಗೆ ಮುಚ್ಚಿಟ್ಟದ್ದನ್ನು ಮರಿಸಿದ್ದಯ್ಯ ಸಿನಿಮಾದವನಿಗೆ ಹೇಳಿದ್ದಾನೆ ಎಂದೇ ಎಲ್ಲರೂ ನಂಬಿದರು. ಮುದ್ದಮ್ಮ ಪಕ್ಕದಲ್ಲಿದ್ದ ಮರಿಸಿದ್ದಯ್ಯನ ಕೈ ಹಿಡಿದೆಳೆದು ಕಣ್ಣಿಗೆ ಒತ್ತಿಕೊಂಡಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಒಂದೇ ಒಂದು ತಿಳೀದೆ ಕೂತದೆ ಕನಣ್ಣ," ಎಂದಳು ಮುದ್ದಮ್ಮ ಈಗ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ನೀರು ಕುಡ್ದೋನ ಬಾಯ್ಗೆ ಮಣ್ಣೆಂಗೆ ಬಂತು?"

ಮರಿಸಿದ್ದಯ್ಯ ಮುಚ್ಚಿದ ಬಾಗಿಲನ್ನು ನೋಡಿದ. ಒಳಗೆ ಎಡೆಯ ಮುಂದೆ ಚಿಕ್ಕಬೋರಯ್ಯ ಕೂತಿರುತ್ತಾನೆ. ಮುದ್ದೆ ಮುರಿದಿರುತ್ತಾನೆ. ಗಂಟಲಿಗೆ ಹತ್ತಿದರೆ ಪಕ್ಕದಲ್ಲಿ ನೀರಿಲ್ಲ.

"ನಾನು ಕುಡಿಸ್ನಿಲ್ಲ ಕನವ್ವ."

"ಏನಂದೆ?"

"ಕಬ್ಬಿನ್ ಗದ್ದೇಲಿ ಬಗ್ಕೊಂಡು ಕೂತಿದ್ದೆ. ಹಳಿ ಮ್ಯಾಲೆ ಬೂಟಿನ ಸದ್ದು ಆಯ್ತಾ ಇತ್ತು. ಸಿದ್ದಾ, ನೀರು, ಸಿದ್ದಾ, ನೀರು ಅಂತ ನನ್ನೆಸ್ರಿಡ್ದೇ ಕೂಗ್ತಿದ್ದ. ಬೂಟಿನ ಸದ್ದು ನಿಂತ್ಮೇಲೂ ನಾನು ಏಳ್ನಿಲ್ಲ."

ಪ್ರಸನ್ನ ಎದ್ದು ನಿಂತ. "ಮತ್ತೆ ಸಿನಿಮಾದಲ್ಲಿ..."

"ಅದು ಸಿನಿಮಾ ಕನ್ಲಾ ಮಗ."

ಮುದ್ದಮ್ಮ ಅಳಲಿಲ್ಲ. ಎದುರಿನ ಬೇಲಿಯನ್ನೇ ನೋಡುತ್ತ, ಹೊಲದ ಕೆಲಸದ ಮಾತು ಕೇಳುವವಳಂತೆ ಕೇಳಿದಳು, "ಎಷ್ಟೊತ್ತು ಕೂಗ್ದ?"

"ಒತ್ತು ಮುಳುಗೋಗಂಟ."

ಅವಳು ಎದ್ದಳು. ಚೊಂಬು ತೊಟ್ಟಿಯ ಅಂಚಿನಲ್ಲಿ ಬೋರಲು ಬಿದ್ದಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ತೊಳೆದಳು, ಕಂಠಮಟ್ಟ ತುಂಬಿಸಿಕೊಂಡು ಬಾಗಿಲ ಹತ್ತಿರ ಬಂದಳು. ಚಿಲಕದ ಮೇಲೆ ಹೋದ ಕೈ ಅಲ್ಲೇ ನಿಂತಿತು. ಒಳಗೆ ಹಿರಿಯರು ಉಣ್ಣುತ್ತಿದ್ದಾರೆ. ಈಗ ತೆಗೆದರೆ ಎಡೆ ಬಿಟ್ಟು ಎದ್ದು ಹೋಗುತ್ತಾರೆ.

ತಿರುಗಿ ಬಂದು ಚೊಂಬನ್ನು ಮರಿಸಿದ್ದಯ್ಯನ ಎರಡೂ ಕೈಗೆ ಕೊಟ್ಟಳು.

"ಬಾಗ್ಲಲ್ಲಿ ನಿಂತ್ಕೊ, ಓಗು."

ಮರಿಸಿದ್ದಯ್ಯ ಹೋಗಿ ನಿಂತ. ತುಂಬಿದ ಚೊಂಬಿನ ನೀರು ಹೊಸ್ತಿಲ ಮೇಲೆ ತುಳುಕಿತು. ಅವನು ಬಾಗಿಲಿಗೆ ಕಿವಿ ಕೊಟ್ಟ. ಈ ಸಲ ಒಳಗಿನಿಂದ ಯಾರೂ ಕರೆಯಲಿಲ್ಲ.